ಅಯಸ್ಕಾಂತಕ್ಕೆ ಅಂಟಿದ ಪುಡಿ

ಕಂತು ೧೧

"ಮೇಡಮ್, ಅದು ಜಿಗೀತಾ ಐತೆ!"

ಮಾರುತಿ ಕೂಗಿದ ಪರಿಗೆ, ಬಾಗಿಲಲ್ಲಿ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದ ಅವನ ತಂಗಿ ಮಮತಾ ಕತ್ತಿ ಬಿಟ್ಟು ಓಡಿಬಂದಳು. ನನ್ನ ಕೈಯಲ್ಲಿ ಒಂದು ಹಾಳೆ, ಹಾಳೆಯ ಮೇಲೆ ಚಿಟಿಕೆ ಬಿಳಿ ಪುಡಿ, ಕೆಳಗೆ ಹಳೇ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ. ಅಯಸ್ಕಾಂತವನ್ನು ಎಡಕ್ಕೆ ಎಳೆದರೆ ಪುಡಿಯೂ ಎಡಕ್ಕೆ, ಬಲಕ್ಕೆ ಎಳೆದರೆ ಬಲಕ್ಕೆ.

ಇದು ಮಾರುತಿಯ ಪರವಾಗಿ ಪರೀಕ್ಷಿಸಲು ನಾನು ಕೇಳಿದ್ದಕ್ಕೆ ವಿಶ್ವವಿದ್ಯಾಲಯದ ವಿಚಾರಣಾ ಸಮಿತಿಯವರು ಮೊಹರು ಹಾಕಿ ಕೊಟ್ಟ ಪುಡಿ. ಜತೆಗಾತಿ ಸುಶ್ಮಿತಾಳ ಸಂಶೋಧನೆ ಕೆಡಿಸಲು ಮಾರುತಿ ಕಬ್ಬಿಣ ಬೆರೆಸಿದ ಎಂದು ಎಂಟು ತಿಂಗಳಿಂದ ಹೇಳುತ್ತಿರುವುದು ಇದೇ ಪುಡಿಯ ವಿಷಯವಾಗಿ. ನಾಡಿದ್ದು ಸೋಮವಾರ ಕೊನೇ ವಿಚಾರಣೆ. ಅಂದು ಅವನ ಹೆಸರು ಹೊಡೆದುಹಾಕಿದರೆ ಈ ಜನ್ಮದಲ್ಲಿ ಯಾವ ಪ್ರಯೋಗಾಲಯದ ಬಾಗಿಲೂ ಅವನಿಗೆ ತೆರೆಯುವುದಿಲ್ಲ.

"ನೀನು ಮಾಡಿದ ಪುಡಿ ಹೀಗೆ ಜಿಗಿಯುತ್ತಾ?" ಎಂದೆ.

"ಆಗಾಕೇ ಇಲ್ಲ ಮೇಡಮ್. ಜಿಗುದ್ರೆ ಅದು ನನ್ ಪುಡಿ ಅಲ್ಲ."

ಅವನು ರೇಷ್ಮೆಹುಳುವಿನ ತಟ್ಟೆಗಳ ಹಿಂದೆ ಕೈ ಹಾಕಿ, ಸುಣ್ಣದ ಡಬ್ಬಿಯ ಪಕ್ಕದಿಂದ ಒಂದು ಪ್ಲಾಸ್ಟಿಕ್ ಶೀಶೆ ತೆಗೆದ. ಅದೇ ದಿನ, ಅದೇ ಕುಲುಮೆಯಲ್ಲಿ ಕಾಯಿಸಿದ ಪುಡಿಯ ಅರ್ಧ ಪಾಲು. ಇನ್ನರ್ಧವನ್ನು ಅಳತೆ ಮಾಡಿಸಲು ಬೆಂಗಳೂರಿಗೆ ಒಯ್ದವಳು ಸುಶ್ಮಿತಾ.

ಇನ್ನೊಂದು ಹಾಳೆಯ ಮೇಲೆ ಅದನ್ನು ಸುರಿದೆ. ಅಯಸ್ಕಾಂತವನ್ನು ಸುತ್ತ ಆಡಿಸಿದೆ. ಒಂದು ಕಣವೂ ಅಲುಗಲಿಲ್ಲ.

ಎರಡೂ ಸತುವಿನ ಆಕ್ಸೈಡೇ. ಸತುವಿನ ಪರಮಾಣುಗಳೂ ಆಮ್ಲಜನಕದ ಪರಮಾಣುಗಳೂ ಪಂಕ್ತಿಯಲ್ಲಿ ಕೂತ ಹಾಗೆ ಸಾಲಾಗಿ ಕೂತಿರುತ್ತವೆ. ಗಾಳಿ ಇಲ್ಲದ ಕಡೆ ಕಾಯಿಸಿದರೆ ಆಮ್ಲಜನಕದಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಎದ್ದು ಹೋಗುತ್ತಾನೆ. ಜಾಗ ಖಾಲಿ ಬೀಳುತ್ತದೆ. ಆ ಖಾಲಿ ಜಾಗಗಳಿಂದ, ಕಬ್ಬಿಣದ ಸೋಂಕೇ ಇಲ್ಲದ ಪುಡಿಗೆ ಅಯಸ್ಕಾಂತದ ಗುಣ ಬರುತ್ತದೆ. ಕೊರತೆಯಿಂದ ಹುಟ್ಟುವ ಗುಣ. ಆದರೆ ಅದು ಎಷ್ಟು ನವಿರು ಅಂದರೆ, ಕೋಣೆಯಷ್ಟು ದೊಡ್ಡ ಯಂತ್ರ ಕಿವಿಗೊಟ್ಟರೆ ಮಾತ್ರ ಕೇಳಿಸುತ್ತದೆ. ಸ್ಪೀಕರಿನ ಅಯಸ್ಕಾಂತಕ್ಕೆ ಓಗೊಡುವ ಪೈಕಿಯಲ್ಲ.

ಇಷ್ಟನ್ನು ಮಾರುತಿ ನನಗೆ ಮೂರು ಸಲ ಹೇಳಿಕೊಟ್ಟಿದ್ದ. ಪೊಲೀಸ್ ಪ್ರಯೋಗಾಲಯವೊಂದರಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ ಈ ಶಿವಲಕ್ಷ್ಮಿಯ ತಲೆಗೆ ಮೂರನೇ ಸಲಕ್ಕೆ ಹೊಕ್ಕಿತ್ತು. ಸಮಿತಿಯಲ್ಲಿ ಕೂತ ಐದು ಜನ ಡಾಕ್ಟರೇಟುಗಳಿಗೆ ಒಂದು ಅಯಸ್ಕಾಂತ ಹಿಡಿದು ನೋಡಲು ಎಂಟು ತಿಂಗಳಲ್ಲಿ ಪುರಸೊತ್ತಾಗಲಿಲ್ಲ. ಮಾರುತಿಯ ಮೇಜಿನ ಡ್ರಾಯರಿನಲ್ಲಿ ಒಂದು ಸ್ಟೀಲ್ ಚಮಚ ಸಿಕ್ಕಿತು, ಕಬ್ಬಿಣ ಅದರದೇ ಎಂದು ಅಷ್ಟಕ್ಕೇ ಕೈತೊಳೆದುಕೊಂಡರು.

"ಆ ಚಮಚ ಯಾಕಿತ್ತೋ?"

"ಉಪ್ಪಿನಕಾಯಿಗೆ ಮೇಡಮ್. ಅಮ್ಮ ಕಳ್ಸಿದ್ದ ಬಾಟ್ಲಿ ಅಲ್ಲೇ ಇತ್ತು. ಪುಡಿಗೆ ನಾವು ಐಸ್‌ಕ್ರೀಮಿನ ಮರದ ಚಮಚನೇ ಬಳಸಾದು. ಲ್ಯಾಬಲ್ಲಿ ಎಲ್ರಿಗೂ ಗೊತ್ತಿತ್ತು. ಹೇಳೋಕೆ ಒಬ್ರಿಗೂ ಬಾಯಿ ಬರ್ಲಿಲ್ಲ."

ಹೇಳುವಾಗ ಅವನ ಮುಖ ಕಹಿಯಾಯಿತು.  ಇಡೀ ಮಡಕಶಿರ ತಾಲ್ಲೂಕಿನಲ್ಲಿ ಈ ವಿಷಯ ಬಲ್ಲವನು ಇವನೊಬ್ಬ. ಅಪ್ಪನ ಹುಳುಮನೆಯಲ್ಲಿ ಹಿಕ್ಕೆ ಗುಡಿಸುತ್ತ ಕೂತಿದ್ದಾನೆ.

ಚೀಲದಿಂದ ಒಂದು ಚಿತ್ರ ತೆಗೆದೆ. ಸಮಿತಿಯ ಪುಡಿಯನ್ನು ಹಳೇ ಸಹೋದ್ಯೋಗಿಯೊಬ್ಬನ ಸೂಕ್ಷ್ಮದರ್ಶಕದಲ್ಲಿಟ್ಟು ತೆಗೆಸಿದ್ದು. ಬಿಳಿಯ ನಡುವೆ ಬೂದು ಬಣ್ಣದ ಕಬ್ಬಿಣದ ಅರದ ಪುಡಿ. ಆ ಬೂದು ಪುಡಿಯ ನಡುವೆ ಅಲ್ಲಲ್ಲಿ ಹೊಂಬಣ್ಣದ ಚೂರುಗಳು.

"ಇದೇನು ಅಂತ ಹೇಳು. ಹಿತ್ತಾಳೆ ಅಲ್ಲ, ಬಂಗಾರ ಅಲ್ಲ. ಬೇರೆ ಪರೀಕ್ಷೆ ಮಾಡಿ ಟೈಟಾನಿಯಂ ಅಂದ ಆ ಸಹೋದ್ಯೋಗಿ. ಟೈಟಾನಿಯಂ ಎಲ್ಲಿಂದ ಬಂತು?"

ಮಾರುತಿ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ ತಲೆಯಾಡಿಸಿದ. ಅವನ ಭುಜದ ಮೇಲಿಂದ ಬಗ್ಗಿ ನೋಡಿದವಳು ಮಮತಾ. ಹಿಂದೂಪುರದ ಕಡೆಯ ಗಾರ್ಮೆಂಟ್ಸಿಗೆ ಆರು ವರ್ಷದಿಂದ ಹೋಗುತ್ತಿದ್ದ ಹುಡುಗಿ, ಹುಳು ಹಣ್ಣಾಗಿ ಗೂಡು ಕಟ್ಟುವ ವಾರಕ್ಕೆ ರಜ ಹಾಕಿ ಬಂದಿದ್ದಳು.

"ಅಯ್ಯೋ, ಇದು ಗೋಲ್ಡ್ ಸೂಜಿ ಕಣಕ್ಕ!"

"ಯಾವ ಸೂಜಿ?"

"ಜೀನ್ಸ್ ಹೊಲ್ಯಾಕೆ ಆಕ್ತಾರಲ್ಲ. ಸಾದಾ ಸೂಜಿ ಆ ದಪ್ಪ ಬಟ್ಟೆಗೆ ತಡ್ಯಾಕಿಲ್ಲ, ಕಾದು ಮುರುದೋಯ್ತದೆ. ಇದಕ್ಕೆ ಮೇಲೆ ಬಂಗಾರದ ಬಣ್ಣದ ಗಟ್ಟಿ ಪದರ ಇರ್ತೈತೆ. ಅದೇ ಇದು, ಉಜ್ಜಿ ಉಜ್ಜಿ ಉದುರೈತೆ."

"ನಿಮ್ಮ ಫ್ಯಾಕ್ಟರಿಯಲ್ಲಿ ಸೂಜಿ ಉಜ್ಜುತ್ತಾರಾ?"

"ಎಲ್ಲಾದ್ರೂ ಉಂಟಾ? ನಮ್ಮಲ್ಲಿ ಸೂಜಿ ಮುರುದ್ರೆ ಲೈನೇ ನಿಲ್ಸ್ತಾರೆ. ಅಷ್ಟೂ ಚೂರು ಉಡುಕಿ, ಪೇಪರಿಗೆ ಟೇಪ್ ಆಕಿ ಅಂಟ್ಸಿ, ಸೂಪರ್‌ವೈಸರ್ ಸೈನ್ ಮಾಡಿದ್ ಮ್ಯಾಲೇ ಒಸ ಸೂಜಿ. ಮನೇಲಿ ಒಲಿಯೋರಿಗೆ ಯಾವ ಸೈನು? ಮೊಂಡಾಯ್ತಾ, ಸಾಣೆಕಲ್ಲಿಗೆ ಉಜ್ಜಿ ಮತ್ತೆ ಆಕ್ಕೊತಾರೆ."

"ಮನೆಯಲ್ಲಿ ಜೀನ್ಸ್ ಹೊಲಿಯೋದು ಎಲ್ಲಿ?"

ಅವಳು ಉತ್ತರ ಹೇಳಬೇಕಾಗಿರಲಿಲ್ಲ. ಈ ಸೀಮೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ರಾಯದುರ್ಗ.

ಸುಶ್ಮಿತಾಳ ಊರು.

ಮಾರುತಿ ಎದ್ದು ನಿಂತ. "ಬ್ಯಾಡಿ ಮೇಡಮ್. ಸುಶ್ಮಿತಾ ಅಂಥೋಳಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಸಮಿತಿ ಮುಂದೆ ನಿನ್ನ ಹೆಸರು ಹೇಳಿದವಳು ಯಾರೋ? ನಾನಾ?"

"ಎದರಿದ್ಲು ಮೇಡಮ್. ನಮ್ ಪ್ರೊಫೆಸರ್ ಶಶಿಧರ್ ಸರ್ ಕೇಳಿದ್ ರೀತಿಗೆ ಯಾರಾದ್ರೂ ಎದ್ರುತಾರೆ."

ಇಂಥ ಒಳ್ಳೆಯತನ ಕಂಡರೆ ನನಗೆ ಆಗುವುದಿಲ್ಲ. ಚಿತ್ರ, ಕಡತ, ಅಯಸ್ಕಾಂತ ಮೂರನ್ನೂ ಚೀಲಕ್ಕೆ ತುಂಬಿ, ಪಾವಗಡದ ಬಸ್ಸು ಹಿಡಿದೆ.

*

ಪಾವಗಡದಿಂದ ಕಲ್ಯಾಣದುರ್ಗ, ಅಲ್ಲಿಂದ ರಾಯದುರ್ಗ. ಮೂರು ಬಸ್ಸು ಬದಲಿಸಿ ಇಳಿಯುವ ಹೊತ್ತಿಗೆ ಮಧ್ಯಾಹ್ನ ಎರಡು ದಾಟಿತ್ತು. ಸುಶ್ಮಿತಾಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. "ಪಿಎಚ್‌ಡಿ ಹುಡುಗಿ ಮನಿ ಏನ್ರಿ?" ಎಂದು ಬೀದಿಯ ಹೆಂಗಸರೇ ದಾರಿ ತೋರಿಸಿದರು. ಆ ಹೆಮ್ಮೆ ನೋಡಿ ನನ್ನ ಕಾಲು ಸ್ವಲ್ಪ ನಿಧಾನವಾಯಿತು.

ಕರೆಂಟು ಹೋಗಿತ್ತು. ಪಡಸಾಲೆಯ ನಾಲ್ಕು ಮಿಷನ್ನುಗಳಲ್ಲಿ ಮೂರು ಖಾಲಿ, ಹೊಲಿಯುವವರು ಊಟಕ್ಕೆ ಹೋಗಿದ್ದರು. ನಾಲ್ಕನೆಯದರ ಮುಂದೆ ಸೊಂಟಕ್ಕೆ ಸೆರಗು ಬಿಗಿದುಕೊಂಡು ಒಬ್ಬಾಕೆ ಪ್ಯಾಂಟಿನ ದಾರ ಕತ್ತರಿಸುತ್ತಿದ್ದಳು. ಬೆರಳ ತುದಿಗಳೆಲ್ಲ ನೀಲಿ. ಸುಶ್ಮಿತಾಳ ತಾಯಿ ಚಿನ್ನಕ್ಕ.

"ಬರ್ರಿ, ಯಾರು ಬೇಕಾಗಿತ್ರಿ?"

ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಮಾರುತಿ ಕಡೆಯವಳು. ಸೋಮವಾರದ ಎಂಕ್ವೈರಿ ವಿಷಯಕ್ಕೆ ಬಂದೆ."

ಬೈದು ಹೊರಗೆ ಹಾಕುತ್ತಾಳೆ ಅಂದುಕೊಂಡಿದ್ದೆ. ಅವಳು ಒಳಗೆ ಹೋಗಿ ನೀರು ತಂದುಕೊಟ್ಟಳು.

"ಆ ಹುಡುಗ ಯಾಕ ಹಂಗ ಮಾಡಿದ್ನೋ ಏನೋ ನೋಡ್ರಿ. ಒಮ್ಮೆ ನಮ್ಮನಿಗೆ ಬಂದು ಉಂಡು ಹೋಗಿದ್ದ. ತಣ್ಣಗ ಮಾತಾಡಾವ."

ನಾನು ನೀರು ಕುಡಿಯುತ್ತ ಕಣ್ಣಾಡಿಸಿದೆ. ಕಿಟಕಿಯ ಮೇಲೆ ಸಾಣೆಕಲ್ಲು, ಉಜ್ಜಿ ಉಜ್ಜಿ ನಡುವೆ ಕರೀ ಗೀರು ಬಿದ್ದದ್ದು. ಮಿಷನ್ನಿನ ಮಗ್ಗುಲಿಗೆ ಅಂಟಿಸಿದ ಒಂದು ಅಯಸ್ಕಾಂತ. ಅದರ ತುಂಬ ಸೂಜಿಯ ಮೊನೆಗಳು, ಕಂಬಳಿಹುಳದ ರೋಮದಂತೆ ನಿಂತ ಕಬ್ಬಿಣದ ಪುಡಿ.

"ಇದು ಯಾಕಮ್ಮ ಇಟ್ಟಿರೋದು?"

"ಸೂಜಿ ಮುರಿದ್ರ ಹುಡುಕಾಕ್ರಿ. ಬಟ್ಟಿಯಾಗ ಚೂರು ಉಳಿದ್ರ ತೊಟ್ಟವರ ಮೈಗೆ ಚುಚ್ಚತೈತಿ, ಪಾಪ ತಗಲತೈತಿ. ಉಜ್ಜಿದ ಪುಡೀನೂ ಇದಕ್ಕ ಅಂಟಿಸಿ ಇಡ್ತೀವಿ. ಕಾಲಾಗ ತುಳಿಬಾರದಲ್ರಿ."

ಒಂದಿಷ್ಟು ಪುಡಿಯನ್ನು ಕಾಗದಕ್ಕೆ ಕೆರೆದುಕೊಂಡು ಬಾಗಿಲ ಬೆಳಕಿಗೆ ಹಿಡಿದೆ. ಭೂತಗನ್ನಡಿಯಲ್ಲಿ ಬೂದು ಕಣಗಳ ನಡುವೆ ಹೊಂಬಣ್ಣ ಮಿಂಚಿತು. ಚಿತ್ರವನ್ನು ತೆಗೆದು ಅವಳ ತೊಡೆಯ ಮೇಲಿಟ್ಟೆ.

"ಇದು ಸುಶ್ಮಿತಾ ಒಯ್ದ ಪುಡಿಯಲ್ಲಿ ಸಿಕ್ಕಿದ್ದು. ನಿಮ್ಮ ಸೂಜಿಯದು. ಇಲ್ಲ ಅನ್ನಬೇಡಿ ಚಿನ್ನಕ್ಕ."

ಕತ್ತರಿ ಹಿಡಿದ ಕೈ ನಿಂತಿತು. ಇಲ್ಲ ಅನ್ನಲಿಲ್ಲ ಅವಳು. ಮುಖ ಸಪ್ಪಗೆ ಮಾಡಿಕೊಂಡು, ತಪ್ಪು ಹೊಲಿದು ಸಿಕ್ಕಿಬಿದ್ದವಳ ಹಾಗೆ ಕೂತಳು.

"ನಾನೇ ಹಾಕಿದ್ನಿರಿ."

ಇಷ್ಟು ಬೇಗ ಒಪ್ಪಿಕೊಳ್ಳುತ್ತಾಳೆಂದು ನಾನು ಎಣಿಸಿರಲಿಲ್ಲ. "ಯಾಕೆ?"

"ಬೆಂಗಳೂರಿಗೆ ಹೋಗೋಕಿಂತ ಮುಂಚಿನ ಶನಿವಾರ ಶೀಶೆ ತಗಂಡು ಮನಿಗೆ ಬಂದಿದ್ಲು. ಅವ್ವ, ಈ ಪುಡಿಗೆ ಮ್ಯಾಗ್ನೆಟ್ ಗುಣ ಬಂದಿದ್ರ ನನ್ನ ಐದು ವರ್ಷದ ಕೆಲಸ ಗೆದ್ದಂಗ, ಬರದಿದ್ರ ಎಲ್ಲಾ ಹಾಳಾದಂಗ, ಅಂದ್ಲು. ಮಾರನೇ ದಿನ ಆಕಿ ಜಳಕಕ್ಕ ಹೋದಾಗ ನಾ ಈ ಮ್ಯಾಗ್ನೆಟ್ ಹಿಡಿದು ನೋಡಿದ್ನಿರಿ. ಸ್ವಲ್ಪನೂ ಅಲುಗಲಿಲ್ಲ. ನನ್ನ ಎದಿ ಧಸಕ್ಕಂತು. ಐದು ವರ್ಷ ರೀ. ಹಬ್ಬಕ್ಕೂ ಊರಿಗೆ ಬರದಂಗ ಕೂತು ಮಾಡಿದ್ದು."

"ಅದಕ್ಕೆ ಸೂಜಿ ಪುಡಿ ಬೆರೆಸಿದಿರಿ."

"ಚೆಕಿಂಗಿನಾಗ ಪೀಸ್ ರಿಜೆಕ್ಟ್ ಆಗತೈತಿ ಅಂತ ಗೊತ್ತಾದ್ರ ಬಿಟ್ಟು ಕಳಿಸ್ತೀವೇನ್ರಿ? ಆಲ್ಟರ್ ಮಾಡಿ ಕಳಿಸ್ತೀವಿ. ಹಂಗಾ ಮಾಡಿದ್ನಿ. ಒಂದು ಚಿಟಿಗಿ ಹಾಕಿ ಅಲ್ಲಾಡಿಸಿದ್ನಿ. ಆಮ್ಯಾಲ ಮ್ಯಾಗ್ನೆಟ್ ಹಿಡಿದ್ರ ಎಷ್ಟು ಚಂದ ಬಂತು ಗೊತ್ತೇನ್ರಿ."

 ನಾನು ಹನ್ನೊಂದು ವಾರ ಹುಡುಕಿದ ಕಬ್ಬಿಣ ಒಬ್ಬ ತಾಯಿಯ ಚಿಟಿಕೆಯಿಂದ ಬಂದಿತ್ತು. ಇದರಲ್ಲಿ ಹಗೆಯಿಲ್ಲ, ಹೊಟ್ಟೆಕಿಚ್ಚಿಲ್ಲ. ಗೆದ್ದೆ ಎಂದು ಸಂತೋಷಪಡಲು ಏನೂ ಇರಲಿಲ್ಲ.

"ಚಿನ್ನಕ್ಕ, ಆ ಪುಡಿ ನಿಮ್ಮ ಅಯಸ್ಕಾಂತಕ್ಕೆ ಅಂಟಬಾರದಮ್ಮ. ಅಂಟದೇ ಇರೋದೇ ಸರಿ. ಅದರ ಗುಣ ಅಷ್ಟು ಸಣ್ಣದು, ದೊಡ್ಡ ಯಂತ್ರಕ್ಕೆ ಮಾತ್ರ ಕಾಣೋದು. ಮಾರುತಿ ಹತ್ತಿರ ಅದರ ಅರ್ಧ ಪಾಲು ಇದೆ, ಅದರಿಂದ ಚಿಟಿಕೆ ಒಯ್ದು ಹೋದ ತಿಂಗಳೇ ನಾನು ಬೇರೆ ಕಡೆ ಅಳೆಸಿದ್ದೆ. ಗುಣ ಇದೆ. ಗಾಳಿಯಲ್ಲಿ ಮತ್ತೆ ಕಾಯಿಸಿ ಖಾಲಿ ಜಾಗ ತುಂಬಿಸಿದರೆ ಹೋಗುತ್ತದೆ. ಅವಳು ಹೇಳಿದ ಹಾಗೆಯೇ ಇದೆ."

ಚಿನ್ನಕ್ಕ ನನ್ನ ಮುಖವನ್ನೇ ನೋಡಿದಳು. "ಅಂದ್ರ, ನನ್ನ ಮಗಳ ಪುಡಿ ಸರಿ ಇತ್ತೇನ್ರಿ?"

"ಸರಿಯಾಗೇ ಇತ್ತು."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತಳು. ನನಗೂ ಅಳು ಬಂತು, ಸುಳ್ಳೇಕೆ ಹೇಳಲಿ. ಮಗಳ ಐದು ವರ್ಷ ಗೆದ್ದೇ ಇತ್ತು. ಗೆದ್ದದ್ದು ಇವಳ ಮಿಷನ್ನಿನ ಅಯಸ್ಕಾಂತಕ್ಕೆ ಗೊತ್ತಾಗುವ ಬಗೆಯದಾಗಿರಲಿಲ್ಲ, ಅಷ್ಟೇ.

ಸ್ವಲ್ಪ ಹೊತ್ತು ಬಿಟ್ಟು ಹಾಳೆ ತೆಗೆದೆ. ಕನ್ನಡ ಬಾರದ ಸಮಿತಿಯವರು ಓದಲೆಂದು ತೆಲುಗಿನಲ್ಲೇ ಬರೆಯತೊಡಗಿದೆ. ಚಿನ್ನಕ್ಕ ಏಳನೇ ತರಗತಿಯವರೆಗೆ ತೆಲುಗಿನಲ್ಲೇ ಓದಿದವಳು, ಬಗ್ಗಿ ಅಕ್ಷರ ಕೂಡಿಸಿಕೊಳ್ಳುತ್ತಿದ್ದಳು.

"ನಡೆದದ್ದನ್ನು ಬರೆದಿದ್ದೇನೆ. ನೀವು ರುಜು ಹಾಕಿದರೆ ಮಾರುತಿ ಉಳಿಯುತ್ತಾನೆ. ಸುಶ್ಮಿತಾಗೂ ಏನೂ ಆಗುವುದಿಲ್ಲ, ಅವಳಿಗೆ ಗೊತ್ತಿಲ್ಲದೆ ನಡೆದದ್ದು."

ಅವಳು ಹುಬ್ಬು ಗಂಟಿಕ್ಕಿದಳು. "ನಾ ಹಾಕಿದ ಶೀಶೆಗೂ ಆ ಹುಡುಗಗೂ ಏನು ಸಂಬಂಧ್ರಿ? ಅದನ್ನ ಆಕಿ ಬೆಂಗಳೂರಾಗ ಅಳತಿ ಮಿಷನ್ನಿಗೆ ಇಟ್ಟೇ ಇಲ್ಲಲ್ಲ."

ನನ್ನ ಪೆನ್ನು ನಿಂತಿತು.

"ಏನಂದಿರಿ?"

"ಎರಡು ಶೀಶೆ ಇದ್ವಲ್ರಿ. ಒಂದು ಒಡೆದ್ರ ಇನ್ನೊಂದು ಇರಲಿ ಅಂತ ಪುಡಿ ಎರಡು ಪಾಲು ಮಾಡಿ ತಂದಿದ್ಲು. ನಾ ಒಂದರಾಗ ಹಾಕಿದ್ದೆ, ಎರಡನೇದಕ್ಕ ಹಾಕೋದಕ್ಕ ಮೊದಲಾ ಆಕಿ ಜಳಕ ಮುಗೀತು. ಬಸ್ಸು ಹತ್ತಿಸಿ ಬಂದ ಮ್ಯಾಲ ನನಗ ಸಮಾಧಾನ ಇಲ್ಲ. ಸಂಜಿಗೆ ಫೋನ್ ಮಾಡಿ ಹೇಳೇಬಿಟ್ನಿ. ಬೈದ್ಲು. ಆಮ್ಯಾಲ, ಹೋಗ್ಲಿ ಬಿಡವ್ವ, ಇನ್ನೊಂದು ಐತಲ್ಲ, ಅದನ್ನ ಇಡ್ತೀನಿ ಅಂದ್ಲು."

"ಅಳತೆ ಆಗುವುದಕ್ಕೆ ಮುಂಚೆಯೇ ಹೇಳಿದಿರಾ?"

"ಭಾನುವಾರ ಸಂಜಿ ರೀ. ಅಳತಿ ಸೋಮವಾರ ಇತ್ತು. ಆಮ್ಯಾಲ ಆ ಒಳ್ಳೇ ಶೀಶೆಗೇ ಮಾರುತಿ ಏನೋ ಬೆರೆಸಿದ್ದ ಅಂತ ಆಕಿ ಹೇಳಿದ್ಲು. ಅದಕ್ಕಾ ನಾ ಸುಮ್ಮನಿದ್ದೆ. ನನ್ನ ತಪ್ಪಿನಿಂದ ಯಾರಿಗೂ ಏನೂ ಆಗಿಲ್ಲಲ್ಲ ಅಂತ."

ಪಡಸಾಲೆಯಲ್ಲಿ ಸೆಕೆ ಉಸಿರು ಕಟ್ಟಿಸುತ್ತಿತ್ತು. ಶೀಶೆ ಅದಲುಬದಲಾಗಿರಬಹುದು ಎಂದು ನನ್ನ ಮನಸ್ಸು ಹೇಳಿತು. ಆಗಿರಲಿ ಎಂದೂ ಹಾರೈಸಿತು.

"ಎರಡೂ ಒಂದೇ ಥರ ಇದ್ದವಾ ಚಿನ್ನಕ್ಕ? ಯಾವುದು ಯಾವುದು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?"

"ದಾರ ಕಟ್ಟಿದ್ನಲ್ರಿ."

"ದಾರವಾ?"

"ಆಲ್ಟರ್ ಮಾಡಿದ ಪೀಸಿಗೆ ಕೆಂಪು ದಾರ ಕಟ್ಟೋದು ನಮ್ಮ ರೂಢಿ. ಶೀಶೆಗೂ ಕೈ ತಾನಾ ಕಟ್ಟಿಬಿಟ್ಟಿತ್ತು. ಫೋನಿನಾಗ ಅದನ್ನೂ ಹೇಳಿದ್ನಿ. ಕೆಂಪು ದಾರದ್ದು ಬಿಡು, ಇನ್ನೊಂದು ಇಡು, ಅಂದ್ನಿ."

ಕಡತ ಬಿಚ್ಚಿದೆ. ಸಮಿತಿಯ ವರದಿಯ ನಾಲ್ಕನೇ ಪುಟ. ಬೆಂಗಳೂರಿನಲ್ಲಿ ಯಂತ್ರಕ್ಕೆ ಇಡುವ ಮುಂಚೆ ತೆಗೆದ ಫೋಟೊ, ಪಕ್ಕದಲ್ಲಿ ತಾರೀಕು, ಕೆಳಗೆ ಸುಶ್ಮಿತಾಳದೇ ರುಜು. ಶೀಶೆಯ ಕತ್ತಿಗೆ ಕೆಂಪು ದಾರ. ನೂರು ಸಲ ನೋಡಿದ್ದೆ ಅದನ್ನು. ಲ್ಯಾಬಿನವರ ಗುರುತು ಎಂದು ಪುಟ ತಿರುವಿದ್ದೆ. ಸಮಿತಿಯ ಐವರನ್ನು ಆಡಿಕೊಂಡ ಬಾಯಿಗೆ ಈಗ ಬೀಗ ಬಿತ್ತು.

ಮುಚ್ಚಿಡೋಣವೆನಿಸಿತು. ಮುಚ್ಚಿಡುವುದರೊಳಗೆ ಚಿನ್ನಕ್ಕ ಕಡತವನ್ನು ತನ್ನ ಕಡೆ ಎಳೆದುಕೊಂಡಳು. ಫೋಟೊದ ಮೇಲೆ ನೀಲಿ ಬೆರಳಿಟ್ಟಳು.

"ಇದು ನಾ ಕಟ್ಟಿದ್ದ ಗಂಟು."

ಬೆರಳು ಪಕ್ಕದ ತಾರೀಕಿಗೆ ಸರಿಯಿತು.

"ಇದನ್ನಾ ಇಟ್ಟಿದ್ಲೇನ್ರಿ ಆಕಿ?"

"ಇದನ್ನೇ."

"ಗೊತ್ತಿದ್ದೂ?"

ಫೋಟೊದ ಕೆಳಗಿನ ರುಜುವನ್ನು ತೋರಿಸಿದೆ. ಒಳ್ಳೆಯ ಶೀಶೆ ಸುಶ್ಮಿತಾಳ ಕೈಯಲ್ಲೇ ಇತ್ತು. ಅದರಲ್ಲಿ ಸಣ್ಣದಾದರೂ ನಿಜವಾದ ಗುಣವಿತ್ತು. ಯಂತ್ರದ ಮುಂದೆ ಕೂತಾಗ ಅವಳಿಗೆ ಸಣ್ಣದು ಸಾಲದು ಅನ್ನಿಸಿರಬೇಕು. ಆಮೇಲೆ ಅಳತೆ ಅತಿಯಾಗಿ ಬಂದು ಗುಟ್ಟು ಬಯಲಾಗುವ ಹೊತ್ತಿಗೆ, ತಿರುಗಿ ಬೈಯದ ಒಬ್ಬನ ಹೆಸರು ಹೇಳಿ ಪಾರಾಗಿದ್ದಳು.

ಚಿನ್ನಕ್ಕ ಅರ್ಧ ಬರೆದ ಹಾಳೆಯನ್ನು ನೋಡಿದಳು. "ನಾ ಇದಕ್ಕ ಸಂತಕ ಹಾಕಿದ್ರ ಆ ಹುಡುಗ ಉಳೀತಾನ, ಅಲ್ರಿ?"

"ಹೌದು."

"ನನ್ನ ಮಗಳು ಹೋಗ್ತಾಳ."

"ದಾರದ ಮಾತು ಬರೆದರೆ ಹೋಗುತ್ತಾಳೆ. ಬರೆಯದಿದ್ದರೆ ಮಾರುತಿ ಪೂರ್ತಿ ಉಳಿಯುವುದಿಲ್ಲ. ನೀವು ಹಾಕಿದ್ದು ಇದೇ ಶೀಶೆಗೆ ಅನ್ನುವುದಕ್ಕೆ ದಾರವೊಂದೇ ಗುರುತು, ಅದಿಲ್ಲದಿದ್ದರೆ ನಿಮ್ಮ ಮಾತು ನಂಬುವುದಿಲ್ಲ."

ಅವಳು ಪೆನ್ನು ತೆಗೆದುಕೊಳ್ಳಲಿಲ್ಲ, ನನ್ನನ್ನು ಎದ್ದು ಹೋಗೆನ್ನಲೂ ಇಲ್ಲ. ಮಿಷನ್ನಿನ ಮೇಲಿದ್ದ ಫೋನನ್ನು ಎತ್ತಿಕೊಂಡು, ಗುಂಡಿ ಒತ್ತಿ, ಸ್ಪೀಕರು ಹಾಕಿ, ಪ್ಯಾಂಟಿನ ರಾಶಿಯ ಮೇಲಿಟ್ಟಳು. ಎರಡನೇ ರಿಂಗಿಗೇ ಅತ್ತ ಕಡೆ ಎತ್ತಿದರು.

"ಅವ್ವ, ಹೇಳು." ಹಗುರವಾದ, ಖುಷಿಯ ದನಿ. "ಸೋಮವಾರ ಮುಗಿದ್ರ ಮುಗೀತವ್ವ. ಪ್ರೊಫೆಸರ್ ಶಶಿಧರ್ ಸರ್ ಇವತ್ತಾ ಹೇಳಿದ್ರು, ನನಗೇನೂ ತೊಂದ್ರಿ ಇಲ್ಲಂತ."

"ಸುಶ್ಮಿ, ಒಂದು ಮಾತು ಕೇಳ್ತೀನಿ." ಚಿನ್ನಕ್ಕ ಫೋನಿನ ಕಡೆ ಬಗ್ಗಿದಳು. "ಅವತ್ತು ಅಳತಿಗೆ ನೀ ಯಾವ ಶೀಶೆ ಇಟ್ಟಿ?"

 ಸುಶ್ಮಿತಾಳ ದನಿಯಿಂದ ಖುಷಿ ಹೋಗಿತ್ತು.

"ಅವ್ವ, ನಿನ್ನ ಪಕ್ಕ ಯಾರದಾರ?"

ಚಿನ್ನಕ್ಕ ತಲೆ ಎತ್ತಿ ನನ್ನನ್ನು ನೇರವಾಗಿ ನೋಡಿದಳು.

"ಯಾರೂ ಇಲ್ಲ," ಅಂದಳು. "ನಾ ಒಬ್ಬಾಕೀನಾ ಇದ್ದೀನಿ. ಹೇಳು."